ಹಲಸಿನ ಬೀರುವಿನ ಡ್ರಾಯರ್‌ಗಳಲ್ಲಿ ಹಳೇ ವಾಸನೆ. ಬಟ್ಟೆ ಇಡುವ ಮೊದಲು ಏನು ಮಾಡಬೇಕು?

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ):
ಆಚಾರ್ರೇ, ನಮ್ಮ ಅತ್ತೆ ಕಾಲದ ಹಲಸಿನ ಬೀರು ಇದೆ. ಕೆಳಗೆ ನಾಲ್ಕು ಡ್ರಾಯರ್. ಹೊರಗಿನ ಪಾಲಿಶ್ ಇನ್ನೂ ಚೆನ್ನಾಗಿದೆ, ಒಳಗೆ ಬರೀ ಮರ. ಎಳೆದರೆ ಸಾಕು, ಘಾಟು ಮುಖಕ್ಕೆ ಹೊಡೆಯುತ್ತದೆ. ಅತ್ತೆ ಪ್ರತಿ ಮಳೆಗಾಲಕ್ಕೂ ಡಾಂಬರು ಗುಳಿಗೆ ಹಾಕಿಡುತ್ತಿದ್ದರು. ನಾನು ಬಟ್ಟಲಲ್ಲಿ ಅಡುಗೆ ಸೋಡಾ ಇಟ್ಟು ನೋಡಿದೆ. ಸ್ವಲ್ಪ ಕಮ್ಮಿಯಾಗಿ ಮತ್ತೆ ಬಂತು. ಮಗಳು ಹೆರಿಗೆಗೆ ಬರುವವಳಿದ್ದಾಳೆ, ದಿನ ಜೂನ್‌ನಲ್ಲಿ. ಮಗುವಿನ ಬಟ್ಟೆ ಇದರಲ್ಲೇ ಇಡಬೇಕು ಅಂತ ಆಸೆ. ಈಗಿನ್ನೂ ಮಾರ್ಚ್. ಏನು ಮಾಡಲಿ?

ಉತ್ತರ (ಮರಗೆಲಸದವರು):
ಅಮ್ಮಾ, ಬೇಸಿಗೆಯಲ್ಲೇ ಕೇಳಿದ್ದು ಒಳ್ಳೆಯದಾಯಿತು. ಮಳೆ ಹಿಡಿದ ಮೇಲೆ ಈ ಕೆಲಸ ಆಗುವುದಿಲ್ಲ.

ಮೊದಲು ಮಗುವಿನ ವಿಷಯ. ಡಾಂಬರು ಗುಳಿಗೆ ಅಂದರೆ ಬಹಳ ಕಡೆ ನ್ಯಾಫ್ತಲೀನ್. ಅದು ಕರಗದೆ ನೇರ ಆವಿಯಾಗುತ್ತದೆ, ಪಾಲಿಶ್ ಇಲ್ಲದ ಮರ ಆ ಆವಿಯನ್ನು ಹೀರಿಕೊಳ್ಳುತ್ತದೆ. ವರ್ಷಗಟ್ಟಲೆ ಹೀರಿದ್ದು ಬೇಗ ಬಿಡುವುದಿಲ್ಲ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಕೊರತೆ, ಅಂದರೆ ರಕ್ತದ ಕೆಂಪು ಕಣಗಳನ್ನು ಕಾಪಾಡುವ ಒಂದು ಕಿಣ್ವದ ಕೊರತೆ ಇರುತ್ತದೆ. ಅಂಥ ಮಕ್ಕಳಿಗೆ ಈ ಗುಳಿಗೆಯ ಜೊತೆ ಇಟ್ಟಿದ್ದ ಬಟ್ಟೆ ಹಾಕಿದರೂ ರಕ್ತದ ಕೆಂಪು ಕಣಗಳು ಒಡೆದು ಕಾಮಾಲೆ ಜೋರಾಗಬಹುದು. ಕೊರತೆ ಇದೆಯೋ ಇಲ್ಲವೋ ನೋಡಿದರೆ ಗೊತ್ತಾಗುವುದಿಲ್ಲ. ಹಾಗಾಗಿ ಈ ಸಲ ಮಗುವಿನ ಬಟ್ಟೆ ಇದರಲ್ಲಿ ಬೇಡವೇ ಬೇಡ. ಬಿದಿರಿನ ಬುಟ್ಟಿಯಲ್ಲೋ ಗುಳಿಗೆ ಕಾಣದ ಬೇರೆ ಕಪಾಟಿನಲ್ಲೋ ಇಡಿ. ಗುಳಿಗೆ ಬದಲು ಕರ್ಪೂರ ಇಡುವುದೂ ಬೇಡ. ಮಕ್ಕಳ ಬಾಯಿಗೆ ಹೋದರೆ ಅದೂ ವಿಷವೇ.

ಇನ್ನು ಬೀರು. ಈ ಘಾಟು ಮರದ್ದೇ ಅಂತ ನಿಮಗೆ ಅನಿಸಿರಬಹುದು. ಅಷ್ಟು ಹಳೆಯ ಹಲಸಿಗೆ ಅಂಥ ಘಾಟು ಉಳಿದಿರುವುದಿಲ್ಲ. ನಿಮ್ಮದರಲ್ಲಿ ಗುಳಿಗೆ ವಾಸನೆ, ಮಳೆಗಾಲದ ಮುಗ್ಗು, ಎರಡೂ ಸೇರಿರಬೇಕು. ಎಲ್ಲಾ ಡ್ರಾಯರ್ ಹೊರಗೆ ತೆಗೆದು ಒಂದೊಂದನ್ನೇ ಬೇರೆ ಬೇರೆ ಕಡೆ ಇಟ್ಟು ಮೂಸಿ ನೋಡಿ. ಆಮೇಲೆ ಖಾಲಿ ಬೀರುವಿನ ಒಳಗೆ ತಲೆ ಹಾಕಿ ನೋಡಿ. ಬಹಳ ಸಲ ಡ್ರಾಯರ್‌ಗಿಂತ ಬೀರುವಿನ ಹಿಂಬದಿಯ ಹಲಗೆಯೇ ಜಾಸ್ತಿ ನಾರುತ್ತದೆ. ಗೋಡೆಗೆ ಅಂಟಿಸಿ ಇಟ್ಟಿದ್ದರೆ ಅಲ್ಲಿ ಗಾಳಿಯೇ ಆಡುವುದಿಲ್ಲ, ಬೂಷ್ಟು ಅಲ್ಲೇ ಕೂರುತ್ತದೆ. ಡ್ರಾಯರ್ ತಳದ ಕೆಳಮೈಯನ್ನೂ ತಿರುವಿ ನೋಡಿ. ಅದನ್ನು ಯಾರೂ ಒರೆಸಿರುವುದಿಲ್ಲ.

ಬೂಷ್ಟು ಕಂಡರೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲಿ ಒರೆಸಿ. ಸ್ಪಿರಿಟ್‌ನಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು. ನೀರು ಸುರಿಯಬೇಡಿ. ಆಮೇಲೆ ಡ್ರಾಯರ್‌ಗಳನ್ನು ಜಗಲಿಯಲ್ಲಿ, ನೆರಳಿನಲ್ಲಿ, ಗಾಳಿ ಬೀಸುವ ಕಡೆ ನಿಲ್ಲಿಸಿ. ಬೆಳಗಿನ ಎಳೆ ಬಿಸಿಲು ಪರವಾಗಿಲ್ಲ. ಮಧ್ಯಾಹ್ನದ ಬಿಸಿಲಿಗಿಟ್ಟರೆ ಮೂಲೆಯ ಜೋಡಣೆ ಬಾಯಿ ಬಿಡುತ್ತದೆ. ಗುಳಿಗೆ ವಾಸನೆ ಹೋಗುವುದು ಈ ಬಿಸಿ ಮತ್ತು ಗಾಳಿಯಿಂದಲೇ. ಏಪ್ರಿಲ್ ಪೂರ್ತಿ ಇದಕ್ಕೇ ಬಿಡಿ. ಸೋಡಾ, ಇದ್ದಿಲು ಗಾಳಿಯಲ್ಲಿರುವ ವಾಸನೆಯನ್ನು ಸ್ವಲ್ಪ ಹಿಡಿಯುತ್ತವೆ. ಮರದೊಳಗೆ ಕೂತಿರುವುದನ್ನು ಎಳೆದು ತೆಗೆಯುವುದಿಲ್ಲ. ಅದಕ್ಕೇ ನಿಮಗೆ ವಾಸನೆ ಮತ್ತೆ ಬಂದಿದ್ದು.

ಒಣಗಿದ ಮೇಲೆ 180 ನಂಬರ್ ಪಾಲಿಶ್ ಪೇಪರಿನಿಂದ ಒಳಮೈಯನ್ನು ಹಗುರವಾಗಿ ಉಜ್ಜಿ, ಧೂಳು ತೆಗೆದು, ಅರಗಿನ (ಶೆಲಾಕ್) ಪಾಲಿಶ್ ಕೊಡಿ. ಉಳಿದ ವಾಸನೆಯನ್ನು ಮರದೊಳಗೇ ಕಟ್ಟಿಹಾಕಲು ನನಗೆ ಇದಕ್ಕಿಂತ ನಂಬಿಕೆಯ ವಸ್ತು ಇನ್ನೊಂದಿಲ್ಲ. ಅರ್ಧ ಲೀಟರ್ ಪಾಲಿಶ್ ಸ್ಪಿರಿಟ್‌ಗೆ 60ರಿಂದ 75 ಗ್ರಾಂ ಅರಗಿನ ಚೂರು. ರಾತ್ರಿ ನೆನೆಹಾಕಿ ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ. ಟರ್ಪೆಂಟೈನ್ ತರಬೇಡಿ, ಅದರಲ್ಲಿ ಅರಗು ಕರಗುವುದಿಲ್ಲ. ತೆಳುವಾಗಿ ಎರಡು ಕೈ ಬಳಿಯಿರಿ, ನಡುವೆ ಒಂದೆರಡು ಗಂಟೆ ಬಿಡಿ. ತಳದ ಎರಡೂ ಮೈ, ಹಿಂಬದಿಯ ಹಲಗೆ, ಎಲ್ಲಕ್ಕೂ. ಜಾರುವ ಪಟ್ಟಿಗಳಿಗೆ ಮಾತ್ರ ಬಳಿಯಬೇಡಿ, ಡ್ರಾಯರ್ ಕಚ್ಚಿಕೊಳ್ಳುತ್ತದೆ. ಅಲ್ಲಿಗೆ ಮೇಣದ ಬತ್ತಿ ಉಜ್ಜಿ. ಸ್ಪಿರಿಟ್ ಬೇಗ ಹೊತ್ತಿಕೊಳ್ಳುತ್ತದೆ, ಹತ್ತಿರ ಒಲೆ, ದೀಪ ಇರಬಾರದು. ಮಗಳು ಅಷ್ಟರಲ್ಲಿ ಬಂದಿದ್ದರೆ ಅವರನ್ನು ಆ ಕಡೆ ಬಿಡಬೇಡಿ.

ಮೇ ಮಧ್ಯದೊಳಗೆ ಮುಗಿಸಿ. ತೇವದ ಗಾಳಿಯಲ್ಲಿ ಬಳಿದರೆ ಅರಗು ಬೆಳ್ಳಗೆ ಮಂಜು ಕಟ್ಟುತ್ತದೆ.

ಇನ್ನೊಬ್ಬರು (ಮೈಸೂರು):
ಇಷ್ಟೆಲ್ಲಾ ಯಾಕೆ? ನಮ್ಮಲ್ಲಿ ಮೈಸೂರ್ ಸ್ಯಾಂಡಲ್ ಸೋಪು ಕವರ್ ಸಮೇತ ಇಡುತ್ತೇವೆ. ಲಾವಂಚವೂ ಆಗುತ್ತೆ ಅಲ್ವಾ?

ಉತ್ತರ:
ಒಣಗಿದ, ಶುದ್ಧವಾದ ಡ್ರಾಯರ್‌ಗೆ ಎರಡೂ ಚೆಂದ. ಲಾವಂಚದ ಬೇರು ಹತ್ತಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಸೀರೆಗೆ ಬರುವ ಪರಿಮಳ ನನಗೂ ಇಷ್ಟ. ಆದರೆ ಬೂಷ್ಟು ಇರುವಾಗಲೇ ಇಟ್ಟರೆ ಅದು ಕಾಣದೆ ಬೆಳೆಯುತ್ತದೆ, ಮೂಗಿಗೆ ಎಚ್ಚರಿಕೆಯೂ ಸಿಗುವುದಿಲ್ಲ. ಗಂಧದ ಚಕ್ಕೆ, ದೇವದಾರು ಚಕ್ಕೆ ಇಡುವವರು ರೇಷ್ಮೆಗೆ ನೇರ ತಾಗಿಸಬೇಡಿ. ಅವುಗಳ ಎಣ್ಣೆ ಕಲೆ ಮಾಡುತ್ತದೆ.

ಇನ್ನೊಬ್ಬರು (ಶಿರಸಿ):
ವಿನೆಗರ್ ಹಾಕಿ ಒರೆಸಿದೆ ಆಚಾರ್ರೇ. ತೇಗದ ಡ್ರಾಯರ್, ಮೊಳೆ ಸುತ್ತ ಕಪ್ಪು ಕಲೆ ಬಿದ್ದಿದೆ. ಮರ ಕೊಳೆಯಿತಾ?

ಉತ್ತರ:
ಇಲ್ಲ, ಹೆದರಬೇಡಿ. ವಿನೆಗರ್ ಕಬ್ಬಿಣವನ್ನು ಸ್ವಲ್ಪ ಕರಗಿಸುತ್ತದೆ, ಅದು ಮರದ ಒಗರಿನ ಜೊತೆ ಸೇರಿ ಕಪ್ಪಾಗುತ್ತದೆ. ಮೇಲ್ಮೈಯಲ್ಲಷ್ಟೇ ಇದ್ದರೆ ಉಜ್ಜಿದರೆ ಹೋಗುತ್ತದೆ. ಮೊಳೆ, ಸ್ಕ್ರೂ ಇರುವ ಕಡೆ ಇನ್ನು ಮುಂದೆ ಸ್ಪಿರಿಟ್ ಬಳಸಿ.

ಇನ್ನೊಬ್ಬರು (ಬೆಂಗಳೂರು):
ನಮ್ಮದು ಹೊಸ ವಾರ್ಡ್‌ರೋಬ್. ಡ್ರಾಯರ್ ತೆಗೆದರೆ ಕಣ್ಣು ಉರಿಯುತ್ತದೆ. ಹೊಸ ಮರ ಅಂದರೆ ಹಾಗೇ ಅಂತ ಮಾಡಿಕೊಟ್ಟವರು ಹೇಳಿದರು.

ಉತ್ತರ:
ಅದು ಮರದ ವಾಸನೆ ಅಲ್ಲ ಸರ್, ಅಂಟಿನದು. ಅಗ್ಗದ ಪ್ಲೈವುಡ್, ಎಂಡಿಎಫ್ (ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ) ಹಲಗೆಗಳಲ್ಲಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಇರುತ್ತದೆ. ಸೆಕೆ, ತೇವ ಜಾಸ್ತಿಯಾದಷ್ಟೂ ಅದರಿಂದ ಫಾರ್ಮಾಲ್ಡಿಹೈಡ್ ಅನಿಲ ಜಾಸ್ತಿ ಬರುತ್ತದೆ. ಕಣ್ಣು ಉರಿಯುವುದನ್ನು ಸುಮ್ನೆ ಸಹಿಸಬೇಡಿ. ಡ್ರಾಯರ್ ತೆಗೆದಿಡಿ, ಕಿಟಕಿ ತೆರೆದು ಫ್ಯಾನ್ ಹಾಕಿ, ಆ ಕೋಣೆಯಲ್ಲಿ ಮಕ್ಕಳನ್ನು ಮಲಗಿಸಬೇಡಿ. ಲ್ಯಾಮಿನೇಟ್ ಅಂಟಿಸದೆ ಬಿಟ್ಟ ಜಾಗ ಹುಡುಕಿ: ತಳದ ಕೆಳಮೈ, ಕತ್ತರಿಸಿದ ಅಂಚು, ಸ್ಕ್ರೂ ತೂತು. ಅನಿಲ ಬರುವುದು ಹೆಚ್ಚಾಗಿ ಅಲ್ಲಿಂದ. ಅಂಚಿಗೆ ಪಟ್ಟಿ ಅಂಟಿಸಿ, ಬರೀ ಮೈಗೆ ಲ್ಯಾಮಿನೇಟ್ ಹಾಕಿಸಿ. ಮಾಮೂಲಿ ಇದ್ದಿಲ ಚೀಲ ಈ ಅನಿಲಕ್ಕೆ ಅಷ್ಟಾಗಿ ಉಪಯೋಗವಿಲ್ಲ. ಮುಂದೆ ಮಾಡಿಸುವಾಗ ಹಲಗೆ ಈ ಅನಿಲ ಕಡಿಮೆ ಬಿಡುವ ಇ0 ಅಥವಾ ಇ1 ದರ್ಜೆಯದೇ ಅಂತ ಬಿಲ್‌ನಲ್ಲೇ ಬರೆಸಿಕೊಳ್ಳಿ.

ಮತ್ತೆ ತೀರ್ಥಹಳ್ಳಿಯವರು:
ಗುಳಿಗೆ ವಿಷಯ ಗೊತ್ತೇ ಇರಲಿಲ್ಲ ಆಚಾರ್ರೇ. ಬುಟ್ಟಿಗೆ ಹೇಳಿದೆ. ಬಾಗಿಲಿಗೆ ತಂದ ವಾರ್ನಿಷ್ ಮಿಕ್ಕಿದೆ, ಅಗಸೆ ಎಣ್ಣೆಯೂ ಇದೆ. ಅರಗಿನ ಬದಲು ಅದನ್ನೇ ಬಳಿಯಬಹುದಾ?

ಉತ್ತರ:
ಬಾಗಿಲಿಗೆ ಸರಿ, ಡ್ರಾಯರ್ ಒಳಗೆ ಬೇಡ. ಎಣ್ಣೆ, ಎಣ್ಣೆ ವಾರ್ನಿಷ್ ಮುಚ್ಚಿದ ಜಾಗದಲ್ಲಿ ನಿಧಾನ ಒಣಗುತ್ತವೆ. ಕಮಟು ವಾಸನೆ ತಿಂಗಳುಗಟ್ಟಲೆ ಉಳಿದು ಬಟ್ಟೆಗೆ ಹತ್ತುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ. ಅರಗು ಕೊಳ್ಳುವಾಗ ಚೂರನ್ನೇ ಕೊಳ್ಳಿ. ಬಹಳ ದಿನ ಕಲಸಿಟ್ಟಿದ್ದ ಪಾಲಿಶ್ ಅಂಟಂಟಾಗಿಯೇ ಉಳಿಯುತ್ತದೆ. ಅನುಮಾನ ಬಂದರೆ ಗಾಜಿನ ಮೇಲೆ ಒಂದು ತೊಟ್ಟು ಬಿಟ್ಟು ನೋಡಿ, ಮರುದಿನ ಬೆರಳಿಗೆ ಅಂಟಬಾರದು.

ಎಲ್ಲಾ ಮುಗಿದು ಒಂದು ವಾರ ಗಾಳಿಗಿಟ್ಟ ಮೇಲೆ, ಒಗೆದ ಹತ್ತಿ ಟವಲ್ ಒಂದನ್ನು ಡ್ರಾಯರ್‌ನಲ್ಲಿಟ್ಟು ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಅಂಗಳಕ್ಕೆ ತಂದು ಮೂಸಿ. ವಾಸನೆ ಇಲ್ಲದಿದ್ದರೆ ನಿಮ್ಮ ಸೀರೆ ಇಡಿ, ಬೀರುವನ್ನು ಗೋಡೆಯಿಂದ ಮೂರು ಇಂಚು ಮುಂದೆ ನಿಲ್ಲಿಸಿ.