ಶಾಂತಿ ಅಧ್ಯಯನದಲ್ಲಿ ಎಂಎ: ಮಲೆನಾಡಿನವರಿಗೆ ಇದರಲ್ಲಿ ಜಾಗ ಇದೆಯಾ?

ಹಿನ್ನೀರಿನ ಹುಡುಗಿ (ಸಾಗರ)

ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲ್ಲೂಕಿನವಳು. ಬಿಎ ಮುಗಿಸಿ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಅರಣ್ಯ ಹಕ್ಕಿನ ಅರ್ಜಿ ತುಂಬಿಸುವುದು, ಗ್ರಾಮಸಭೆಗೆ ಹೋಗುವುದು, ಜನರ ಹಳೇ ಕಾಗದಪತ್ರ ಜೋಡಿಸುವುದು, ಇದೇ ದಿನದ ಕೆಲಸ. ನಮ್ಮ ಅಜ್ಜನ ಮನೆ, ಗದ್ದೆ ಎಲ್ಲ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದವು. ಸರ್ಕಾರ ತೋರಿಸಿದ ಜಾಗಕ್ಕೆ ಬಂದರು, ಕಾಡು ಕಡಿದು ಗದ್ದೆ ಮಾಡಿದರು, ಹಕ್ಕುಪತ್ರ ಮಾತ್ರ ಇವತ್ತಿಗೂ ಕೈಗೆ ಬಂದಿಲ್ಲ. ಈಗ ಅರಣ್ಯ ಇಲಾಖೆಗೂ ಊರಿನವರಿಗೂ ಮಾತಿಲ್ಲ, ಊರೊಳಗೂ ಎರಡು ಗುಂಪು.

ಶಾಂತಿ ಮತ್ತು ಸಂಘರ್ಷ ಅಧ್ಯಯನ ಅಂತ ಒಂದು ಎಂಎ ಇದೆ ಅಂತ ಈಚೆಗೆ ಗೊತ್ತಾಯಿತು. ಅದನ್ನೇ ಓದಬೇಕು ಅಂತ ಆಸೆ. ಮನೆಯಲ್ಲಿ ಬಿಎಡ್ ಮಾಡು ಅನ್ನುತ್ತಾರೆ. ಅಲ್ಲಿ ನಿಜವಾಗಿ ಏನು ಕಲಿಸುತ್ತಾರೆ? ಯುದ್ಧ, ವಿಶ್ವಸಂಸ್ಥೆ ಅಷ್ಟೇನಾ, ಅಥವಾ ನಮ್ಮಂಥ ಊರಿನ ತಕರಾರಿಗೂ ಜಾಗ ಇದೆಯಾ? ದುಡ್ಡಿನ ದಾರಿಯೂ ಹೇಳಿ.

ತುಂಗಾ ತೀರ

ಜಾಗ ಇದೆ, ಆದರೆ ಎಲ್ಲ ಕಡೆ ಇಲ್ಲ. ನಾನು ಇದೇ ವಿಷಯ ಯುರೋಪಿನಲ್ಲಿ ಓದಿ ಬಂದವನು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಈ ವಿಷಯದೊಳಗೇ ಎರಡು ದಾರಿಗಳಿವೆ. ಸ್ವೀಡನ್ನಿನ ಉಪ್ಸಲಾದಲ್ಲಿ 1971ರಿಂದ ಇದಕ್ಕೇ ಒಂದು ವಿಭಾಗ ಇದೆ. ಜಗತ್ತಿನ ಸಂಘರ್ಷಗಳ ಲೆಕ್ಕ ಇಡುವುದರಲ್ಲಿ ಅವರದು ದೊಡ್ಡ ಹೆಸರು. ಒಂದು ವರ್ಷದಲ್ಲಿ ಕಾದಾಟದಲ್ಲಿ ಕನಿಷ್ಠ 25 ಜನ ಸತ್ತರೆ ಮಾತ್ರ ಅದು ಅವರ ಪಟ್ಟಿಗೆ ಸೇರುತ್ತದೆ. ಯುದ್ಧ ಯಾಕೆ ಶುರುವಾಗುತ್ತದೆ, ಯಾವ ಒಪ್ಪಂದ ಉಳಿಯುತ್ತದೆ ಅಂತ ತಿಳಿಯಲು ಇಂಥ ಲೆಕ್ಕ ಬೇಕೇ ಬೇಕು. ಆದರೆ ನಿಮ್ಮ ಅಜ್ಜನ ಊರು ಈ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ.

ಇನ್ನೊಂದು ದಾರಿ ನಾರ್ವೆಯ ಯೋಹಾನ್ ಗಾಲ್ಟುಂಗ್ ಅವರದು. 1959ರಲ್ಲಿ ಓಸ್ಲೋದಲ್ಲಿ ಶಾಂತಿ ಸಂಶೋಧನಾ ಸಂಸ್ಥೆ ಶುರು ಮಾಡಿದವರು ಅವರು. 1969ರ ಒಂದು ಲೇಖನದಲ್ಲಿ ಅವರು ಹೇಳಿದ್ದು ಇದು: ಹದಿನೆಂಟನೇ ಶತಮಾನದಲ್ಲಿ ಒಬ್ಬ ಕ್ಷಯದಿಂದ ಸತ್ತರೆ ಅದನ್ನು ಹಿಂಸೆ ಅನ್ನುವುದು ಕಷ್ಟ, ಆದರೆ ಔಷಧಿ ಇದ್ದೂ ಇವತ್ತು ಸತ್ತರೆ ಅದು ಹಿಂಸೆ. ಹೊಡೆದವರು ಯಾರೂ ಇಲ್ಲ, ವ್ಯವಸ್ಥೆಯೇ ಹೊಡೆಯುತ್ತದೆ. ಗುಂಡು ನಿಂತರೆ ಅದು ಅರ್ಧ ಶಾಂತಿ ಅಷ್ಟೇ, ಅನ್ಯಾಯವೂ ಹೋಗಬೇಕು ಅನ್ನುವುದು ಅವರ ವಾದ.

ಈಗ ನಿಮ್ಮ ಕೆಲಸದ್ದೇ ಉದಾಹರಣೆ ತಗೊಳ್ಳಿ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದೇವೆ ಅಂತ ತೋರಿಸಬೇಕು. ಅಂದರೆ 1930ಕ್ಕೆ ಹೋಯಿತು ಅಲ್ವಾ? ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಅದರಿಂದ ಎದ್ದು ಬಂದವರು ಹೊಸ ಜಾಗದಲ್ಲಿ 1930ರ ದಾಖಲೆ ಎಲ್ಲಿಂದ ತರುತ್ತಾರೆ? ನಾಡಿಗೆ ಕರೆಂಟ್ ಕೊಡಲು ಊರು ಬಿಟ್ಟವರು, ಊರು ಬಿಟ್ಟ ಕಾರಣಕ್ಕೇ ಅರ್ಹರಲ್ಲ ಅಂತಾಗುತ್ತದೆ. ಯಾರೂ ಬೇಕಂತ ಹೀಗೆ ಮಾಡಿಲ್ಲದಿರಬಹುದು, ಆದರೂ ಏಟು ಬಿದ್ದಿದೆ. ಎಂಎ ಪ್ರವೇಶದ ಅರ್ಜಿಯ ಜೊತೆ ಬರೆಯುವ ಪತ್ರದಲ್ಲಿ ಇದನ್ನೇ ಬರೆಯಿರಿ. ವಿಶ್ವಶಾಂತಿಯ ಬಗ್ಗೆ ದೊಡ್ಡ ಮಾತು ಎಲ್ಲರೂ ಬರೆಯುತ್ತಾರೆ, ಇದನ್ನು ನಿಮ್ಮನ್ನು ಬಿಟ್ಟು ಬೇರೆ ಯಾರೂ ಬರೆಯಲಾರರು.

ದುಡ್ಡಿನ ವಿಷಯ. ಸ್ವೀಡನ್ 2011ರಿಂದ, ನಾರ್ವೆ 2023ರಿಂದ ನಮ್ಮಂಥ ಹೊರಗಿನವರಿಗೆ ಶುಲ್ಕ ಹಾಕುತ್ತಿವೆ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ಊಟ ವಸತಿಯ ಖರ್ಚು ನಮ್ಮದೇ. ರೋಟರಿ ಸಂಸ್ಥೆಯವರು ಕೊಡುವ ವಿದ್ಯಾರ್ಥಿವೇತನ, ರೋಟರಿ ಶಾಂತಿ ಫೆಲೋಶಿಪ್, ಸಿಕ್ಕಿದರೆ ಪೂರ್ತಿ ಖರ್ಚು ಅವರದೇ. ಎಂಎಗೆ ಮೂರು ವರ್ಷದ ಕೆಲಸದ ಅನುಭವ ಕೇಳುತ್ತಾರೆ, ಮನೆಯಲ್ಲಿ ಅಪ್ಪ ಅಮ್ಮ ರೋಟರಿ ಸದಸ್ಯರಾಗಿದ್ದರೆ ಕೊಡುವುದಿಲ್ಲ.

ಕೋರ್ಟ್ ರಸ್ತೆ ವಕೀಲೆ (ಶಿವಮೊಗ್ಗ)

ಮೇಲಿನವರು ಹೇಳಿದ್ದು ಸರಿ, ಆದರೆ ಹೊರದೇಶಕ್ಕೇ ಹೋಗಬೇಕು ಅಂತೇನಿಲ್ಲ. ದೆಹಲಿಯ ಜಾಮಿಯಾ ಮಿಲ್ಲಿಯಾದಲ್ಲಿ 2004ರಲ್ಲಿ ಶುರುವಾದ ನೆಲ್ಸನ್ ಮಂಡೇಲಾ ಕೇಂದ್ರ ಇದೆ, ಅಲ್ಲಿ ಇದೇ ವಿಷಯದಲ್ಲಿ ಎಂಎ ಇದೆ. ಕೇಂದ್ರೀಯ ವಿಶ್ವವಿದ್ಯಾಲಯ, ಶುಲ್ಕ ಕೈಗೆಟುಕುತ್ತದೆ.

ಇನ್ನೊಂದು, ಸಂಧಾನದ ಕೆಲಸ ಕಲಿಯಿರಿ. 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಸಮುದಾಯ ಮಧ್ಯಸ್ಥಿಕೆಗೇ ಒಂದು ಅಧ್ಯಾಯ ಇದೆ. ಊರಿನ ನೆಮ್ಮದಿ ಕೆಡಿಸುವಂಥ ತಕರಾರನ್ನು, ಎರಡೂ ಕಡೆಯವರು ಒಪ್ಪಿದರೆ, ಮೂರು ಜನ ಮಧ್ಯಸ್ಥರು ಕೂತು ಬಗೆಹರಿಸಬಹುದು. ಆ ಒಪ್ಪಂದಕ್ಕೆ ಕೋರ್ಟ್ ಡಿಕ್ರಿಯ ಬಲ ಇಲ್ಲ, ಅದು ನಿಲ್ಲುವುದು ಜನರ ಮಾತಿನ ಮೇಲೆ. ಹಾಗಾಗಿಯೇ ಒಳ್ಳೆಯ ಮಧ್ಯಸ್ಥರು ಬೇಕು. ಬೇಲಿ ಎಲ್ಲಿ ಹಾಕಬೇಕು ಅಂತ ಇಬ್ಬರು ಕಿತ್ತಾಡುವಾಗ ಅವರಿಗೆ ಬೇಕಿರುವುದು ಬೇಲಿಯಲ್ಲ, ಒಬ್ಬನಿಗೆ ತೋಟಕ್ಕೆ ನೀರು ಬರುವ ಕಾಲುವೆ, ಇನ್ನೊಬ್ಬನಿಗೆ ಗಾಡಿ ಹೋಗುವ ದಾರಿ. ಅದನ್ನು ಅವರ ಬಾಯಿಂದಲೇ ಹೊರಡಿಸುವುದಕ್ಕೆ ತಾಳ್ಮೆ ಬೇಕು, ತರಬೇತಿಯೂ ಬೇಕು.

ಕಾಗೋಡು ದಾರಿ

ವಕೀಲರೇ, ಬೇಲಿ ಜಗಳಕ್ಕೆ ಸರಿ. ಒಂದು ಕಡೆ ಇಲಾಖೆ, ಇನ್ನೊಂದು ಕಡೆ ಕಾಗದವೇ ಇಲ್ಲದ ರೈತ ಇರುವಾಗ ಸುಮ್ನೆ ಕೂತು ಮಾತಾಡಿ ಅಂದರೆ ಬಲ ಇದ್ದವನೇ ಗೆಲ್ಲುತ್ತಾನೆ. 1951ರಲ್ಲಿ ನಮ್ಮ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು ಅಂತ ತಕರಾರು ಎದ್ದಿತು. ಜಮೀನಿನ ಒಡೆಯರ ಕೊಳಗ ದೊಡ್ಡದು, ಗೇಣಿದಾರರು ಒಪ್ಪಲಿಲ್ಲ. ಅವತ್ತು ಅವರು ಸತ್ಯಾಗ್ರಹಕ್ಕೆ ಇಳಿಯದೆ ರಾಜಿ ಪಂಚಾಯ್ತಿಗೆ ಕೂತಿದ್ದರೆ ಅದೇ ಕೊಳಗ ಇನ್ನೂ ಎಷ್ಟು ವರ್ಷ ನಡೆಯುತ್ತಿತ್ತೋ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನವಾದ ಮೇಲೆ ವಿಷಯ ದೇಶಕ್ಕೇ ಗೊತ್ತಾಯಿತು.

ಇದು ಶಾಂತಿ ಅಧ್ಯಯನಕ್ಕೆ ಹೊರಗಿನ ಮಾತಲ್ಲ. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ 1973ರಲ್ಲಿ ಈ ವಿಭಾಗ ಕಟ್ಟಿದ ಆಡಮ್ ಕರ್ಲ್ ಹೇಳಿದ್ದೂ ಇದೇ: ಬಲ ಸಮ ಇಲ್ಲದ ಕಡೆ ಮೊದಲು ಜನಕ್ಕೆ ತಮ್ಮ ಸ್ಥಿತಿ ಅರಿವಾಗಬೇಕು, ಎದುರು ನಿಲ್ಲಬೇಕು, ಸಂಧಾನ ಆಮೇಲೆ. ತಂಗಿ, ನೀನು ಎಲ್ಲೇ ಓದು, ಈ ಭಾಗ ಕಲಿಸುವ ಕಡೆ ಓದು.

ಹಿನ್ನೀರಿನ ಹುಡುಗಿ (ಸಾಗರ)

ತುಂಬಾ ಥ್ಯಾಂಕ್ಸ್. 1930ರ ಲೆಕ್ಕ ದಿನಾ ಅರ್ಜಿಯಲ್ಲಿ ನೋಡುತ್ತೇನೆ, ಅದನ್ನೇ ಬರೆಯಬಹುದು ಅಂತ ಹೊಳೆದಿರಲಿಲ್ಲ. ಒಂದೇ ಭಯ, ಗಣಿತ. ಸಂಖ್ಯಾಶಾಸ್ತ್ರ ಜಾಸ್ತಿ ಇರುತ್ತಾ?

ತುಂಗಾ ತೀರ

ಉಪ್ಸಲಾದಂಥ ಕಡೆ ಇರುತ್ತದೆ, ತಪ್ಪಿಸಿಕೊಳ್ಳಲು ಆಗುವುದಿಲ್ಲ. ಆದರೆ ಕಲಿಯಿರಿ. ನಿಮ್ಮ ತಾಲ್ಲೂಕಿನಲ್ಲಿ ಎಷ್ಟು ಅರ್ಜಿ ಬಂತು, ಎಷ್ಟು ತಿರಸ್ಕಾರವಾಯಿತು, ಯಾವ ಕಾರಣಕ್ಕೆ ಅಂತ ಈಗಿಂದಲೇ ಒಂದು ಪಟ್ಟಿ ಶುರು ಮಾಡಿ, ಊರು ಊರು ಬೇರೆ ಮಾಡಿ. ಜನರ ಹೆಸರು ಬೇಡ, ಕಾರಣ ಸಾಕು. ಪತ್ರದ ಕರಡು ಆದ ಮೇಲೆ ಇಲ್ಲೇ ಹಾಕಿ, ನಾನೂ ವಕೀಲರೂ ನೋಡುತ್ತೇವೆ.