ಪ್ರಾರ್ಥನೆಯಲ್ಲಿ ಏನೂ ಅನ್ನಿಸುತ್ತಿಲ್ಲ, ದೇವರು ನನ್ನನ್ನು ಕೈಬಿಟ್ಟರಾ?

ಪ್ರಶ್ನೆ: ವಂದನೆಗಳು ಪಾಸ್ಟರ್. ನಾನು ಯೇಸುವನ್ನು ನಂಬಿ ರಕ್ಷಣೆ ಹೊಂದಿ ಆರು ವರ್ಷ ಆಯಿತು. ಮೊದಲೆಲ್ಲ ಮೊಣಕಾಲೂರಿದರೆ ಸಾಕು, ಕಣ್ಣೀರು ಬರುತ್ತಿತ್ತು. ಮೂರು ತಿಂಗಳಿಂದ ಮನಸ್ಸು ಒಣಗಿಹೋಗಿದೆ. ಬೈಬಲ್ ವಾಕ್ಯ ಓದಿದರೂ ಅಷ್ಟೇ. ದೇವರು ಕೈಬಿಟ್ಟಿದ್ದಾರೆ ಅಂತಲೇ ಅನ್ನಿಸುತ್ತದೆ. ಹೀಗಿರುವಾಗ ಸುಮ್ನೆ ಪ್ರಾರ್ಥನೆ ಮಾಡುವುದು ನಟನೆ ಅಲ್ವಾ?

ಪಾಸ್ಟರ್: ವಂದನೆಗಳು ಸಹೋದರಿ. ಇಲ್ಲದ ಸಂತೋಷ ತೋರಿಸಿದರೆ ನಟನೆ. 'ಮನಸ್ಸು ಒಣಗಿದೆ ದೇವರೇ' ಅಂತ ಹೇಳಿದರೆ ಅದು ಪ್ರಾರ್ಥನೆಯೇ.

ಬೈಬಲಿನ 1 ಅರಸುಗಳು 19ನೇ ಅಧ್ಯಾಯ ಓದಿ. ಕರ್ಮೆಲ್ ಬೆಟ್ಟದಲ್ಲಿ ದೇವರ ಬೆಂಕಿ ಇಳಿದದ್ದನ್ನು ಕಣ್ಣಾರೆ ಕಂಡ ಪ್ರವಾದಿ ಎಲೀಯ, ಈಜೆಬೆಲ್ ರಾಣಿಯ ಬೆದರಿಕೆಗೆ ಓಡಿಹೋದ. ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಕೋ ಅಂದ. ದೇವರು ಬೈಯಲಿಲ್ಲ. ಮಲಗಲು ಬಿಟ್ಟು, ದೂತನ ಕೈಲಿ ರೊಟ್ಟಿ, ನೀರು ಕಳಿಸಿದರು. ಅದೂ ಎರಡು ಸಲ! (ನನಗೆ ತುಂಬಾ ಇಷ್ಟವಾದ ಭಾಗ ಇದು. ನಿಮ್ಮ ಊಟ, ನಿದ್ದೆ ಸರಿಯಾಗಿದೆಯಾ?) ಆಮೇಲೆ ಹೋರೇಬ್ ಬೆಟ್ಟದಲ್ಲಿ, ನಾನೊಬ್ಬನೇ ಉಳಿದಿದ್ದೇನೆ ಅಂತ ಅವನು ಎರಡು ಸಲ ಹೇಳಿದ. ದೇವರ ಲೆಕ್ಕ ಬೇರೆ ಇತ್ತು. ಬಾಳ ಎಂಬ ಅನ್ಯದೇವತೆಗೆ ಅಡ್ಡಬೀಳದವರು 7000 ಜನ ಇದ್ದರು. ಅವನ ಸಂಕಟ ನಿಜ, ಅವನ ಲೆಕ್ಕ ತಪ್ಪು.

ನಿಮ್ಮ ವಿಷಯವೂ ಹಾಗೇ ಅನ್ನಿಸುತ್ತದೆ. ಆರು ವರ್ಷದ ಹಿಂದೆ ನೀವು ನಂಬಿದ್ದು ಯೇಸು ನಮಗಾಗಿ ಸತ್ತ ಶಿಲುಬೆಯನ್ನು. ಕಣ್ಣೀರು ಆಮೇಲೆ ಬಂತು. ಈಗ ಕಣ್ಣೀರು ನಿಂತಿದೆ, ಶಿಲುಬೆಯಲ್ಲಿ ಆದದ್ದು ಹಾಗೇ ಇದೆ. ನಮ್ಮ ಹೃದಯ ನಮ್ಮನ್ನೇ ದೋಷಿ ಅಂದರೂ ದೇವರು ಅದಕ್ಕಿಂತ ದೊಡ್ಡವರು ಅಂತ 1 ಯೋಹಾನ 3:20 ಹೇಳುತ್ತದೆ. 42ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಅದನ್ನು ಬರೆದವನು, ಯಾಕೆ ಕುಗ್ಗಿದ್ದೀಯ ಅಂತ ತನ್ನ ಮನಸ್ಸನ್ನೇ ಕೇಳುತ್ತಾನೆ.

ಇನ್ನೊಬ್ಬ ಸದಸ್ಯ: ಪಾಸ್ಟರ್, ನನ್ನದು ಉಲ್ಟಾ. ಅಣ್ಣನ ಜೊತೆ ಮಾತು ಬಿಟ್ಟ ಮೇಲೆ ಮನಸ್ಸಿಗೆ ಸಮಾಧಾನ ಇದೆ. ಇದು ದೇವರ ಚಿತ್ತ ಅಂದುಕೊಳ್ಳಬಹುದಾ?

ಪಾಸ್ಟರ್: ಪ್ರವಾದಿ ಯೋನನೂ ದೇವರಿಂದ ಓಡಿಹೋಗುವಾಗ ಹಡಗಿನಲ್ಲಿ ಗಾಢವಾಗಿ ನಿದ್ದೆ ಮಾಡುತ್ತಿದ್ದ ಸಹೋದರ. ಜಗಳ ನಿಂತಾಗ ಸಿಗುವ ನೆಮ್ಮದಿ ಬೇರೆ, ರಾಜಿಯಾದಾಗ ಸಿಗುವ ಸಮಾಧಾನ ಬೇರೆ. ಅಣ್ಣ ಹೊಡೆಯುವವರಾದರೆ ದೂರ ಇರಿ, ಅದರಲ್ಲಿ ತಪ್ಪಿಲ್ಲ. ಬರೀ ಸಿಟ್ಟಿನ ಮಾತಾಗಿದ್ದರೆ ಮತ್ತಾಯ 5:24 ಸ್ಪಷ್ಟವಾಗಿದೆ: ದೇವರಿಗೆ ತಂದ ಕಾಣಿಕೆ ಅಲ್ಲೇ ಬಿಟ್ಟು, ಮೊದಲು ಅವರ ಹತ್ತಿರ ಹೋಗಿ ರಾಜಿಯಾಗಬೇಕು. ಈ ವಾರವೇ ಒಂದು ಫೋನ್ ಮಾಡ್ತೀರಾ?