ಅಪ್‌ಡೇಟ್: ಖಗೋಳ ಕ್ಲಬ್‌ನ ಉಪನ್ಯಾಸಕ್ಕೆ ಹೋಗಿ ಬಂದೆ

ಪ್ರತಿ ಅಮಾವಾಸ್ಯೆಗೂ ಸೂರ್ಯಗ್ರಹಣ ಯಾಕೆ ಆಗುವುದಿಲ್ಲ, ಕ್ಲಬ್‌ನ ಉಪನ್ಯಾಸ ನನ್ನಂಥ ಹೊಸಬರಿಗೆ ಅರ್ಥವಾಗುತ್ತದಾ ಅಂತ ಕೇಳಿದ್ದೆನಲ್ಲ. ಸುಮ್ನೆ ಹೋಗಿ ಕೂತುಕೊಳ್ಳಿ ಅಂದಿದ್ದಿರಿ. ಅರ್ಥವಾಯಿತು!

ಚಂದ್ರನ ದಾರಿ ಭೂಮಿಯ ದಾರಿಗೆ ಸುಮಾರು 5 ಡಿಗ್ರಿ ಓರೆಯಾಗಿದೆ. ಹಾಗಾಗಿ ಹೆಚ್ಚಿನ ಸಲ ಚಂದ್ರನ ನೆರಳು ಭೂಮಿಗೆ ತಾಗದೆ ಮೇಲಿಂದಲೋ ಕೆಳಗಿನಿಂದಲೋ ದಾಟಿಹೋಗುತ್ತದೆ. ಎರಡು ದಾರಿ ಸೇರುವ ಜಾಗದ ಹತ್ತಿರ ಅಮಾವಾಸ್ಯೆ ಬಂದರೆ ಮಾತ್ರ ಗ್ರಹಣ.

ನನಗೆ ಜಾಸ್ತಿ ಹಿಡಿಸಿದ್ದು ಬೇರೆಯೇ. ಸೂರ್ಯ ಅಡ್ಡಳತೆಯಲ್ಲಿ ಚಂದ್ರನಿಗಿಂತ ಸುಮಾರು 400 ಪಟ್ಟು ದೊಡ್ಡದು, ದೂರವೂ ಸುಮಾರು 400 ಪಟ್ಟು. ಅದಕ್ಕೇ ಎರಡೂ ಹೆಚ್ಚುಕಡಿಮೆ ಒಂದೇ ಅಳತೆ ಕಾಣುತ್ತವೆ. ಎಂಥಾ ಕಾಕತಾಳೀಯ ಅಲ್ವಾ? ಆದರೆ ಚಂದ್ರ ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ. ಕೋಟ್ಯಂತರ ವರ್ಷಗಳ ನಂತರ ಪೂರ್ಣ ಸೂರ್ಯಗ್ರಹಣವೇ ಇರುವುದಿಲ್ಲ. ಈಗ ಹುಟ್ಟಿದ್ದು ಒಳ್ಳೆಯದೇ ಆಯಿತು.

ಬಾಹ್ಯಾಕಾಶ ಪ್ರಯಾಣದ ಭಾಗ ಅವಸರದಲ್ಲಿ ಮುಗಿಯಿತು. 1977ರಲ್ಲಿ ಹೊರಟ ವಾಯೇಜರ್ 1 ಅನ್ನೋ ಬಾಹ್ಯಾಕಾಶ ನೌಕೆ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಓಡುತ್ತಿದೆ. ಆ ವೇಗದಲ್ಲಿ ಪ್ರಾಕ್ಸಿಮಾ ಸೆಂಟಾರಿಯಷ್ಟು ದೂರ ಹೋಗಲು 70 ಸಾವಿರಕ್ಕೂ ಜಾಸ್ತಿ ವರ್ಷ ಬೇಕಂತೆ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಅದೇ!

ಮುಂದಿನ ಉಪನ್ಯಾಸ ಮಂಗಳ ಗ್ರಹದ ಬಗ್ಗೆ. ಅದಕ್ಕೂ ಹೋಗುತ್ತೇನೆ.